ಬೀಗರ ಊಟಕ್ಕೆ ಬನ್ನಿ: ನಗುವನ್ನು ಹೋರಾಟಕ್ಕೆ ಹೂಡುವ ಬಗೆ

ನಮ್ಮೂರ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಸ್ಟ್ಯಾಂಡಿನ ಮೂಲೆಯಲ್ಲಿ ಹೆಂಗಸರ ಶೌಚಾಲಯ. ಟೇಪು ಕತ್ತರಿಸಿ, ಕಲ್ಲಿನ ಮೇಲೆ ಹೆಸರುಗಳನ್ನು ಕೆತ್ತಿಸಿದ ಮೂರು ವಾರಕ್ಕೆ ಅದರ ಬಾಗಿಲಿಗೆ ಬೀಗ ಬಿತ್ತು. ಆ ಬೀಗ ಹನ್ನೊಂದು ತಿಂಗಳು ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ತುಕ್ಕು ಹಿಡಿದು ಅಲ್ಲೇ ನೇತಾಡುತ್ತಿತ್ತು. ದಿನಕ್ಕೆ ನಾಲ್ಕೈದು ಕಾಲೇಜು ಹುಡುಗಿಯರು ಜೆರಾಕ್ಸ್ ನೆಪದಲ್ಲಿ ಅಂಗಡಿಗೆ ಬಂದು, ದನಿ ತಗ್ಗಿಸಿ, "ಅಕ್ಕಾ, ಒಳಗೆ ಬಾತ್‌ರೂಮ್ ಇದ್ಯಾ?" ಅಂತ ಕೇಳುತ್ತಿದ್ದರು. ಮೂರು ಸಲ ಮನವಿ ಕೊಟ್ಟಿದ್ದೆವು. ಟಪಾಲಿನ ಸೀಲು ಮೂರು ಸಲವೂ ಬಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ.

ಒಂದು ಮಧ್ಯಾಹ್ನ ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದೆ. ಗಿರಾಕಿ ಕೊನೆಗೊಂದು ಸಾಲು ಸೇರಿಸಲು ಹೇಳಿದರು: "ಮಂಗಳವಾರ ಬೀಗರ ಊಟ." ಟೈಪ್ ಮಾಡಿ ತಲೆಯೆತ್ತಿದರೆ ಎದುರಿಗೆ ಬೀಗ. ಅವತ್ತು ಸಂಜೆಗೇ ಅರಿಶಿನ ಅಂಚಿನ ಕಾರ್ಡು ತಯಾರಾಯಿತು. "ಚಿ. ಸೌ. ಬಾಗಿಲಿಗೂ ಚಿ. ಬೀಗಕ್ಕೂ ಸಂಬಂಧ ಕೂಡಿ ಹನ್ನೊಂದು ತಿಂಗಳು ತುಂಬಿದ ಪ್ರಯುಕ್ತ ಬೀಗರ ಊಟ. ಬೀಗ ಹಾಕಿದ ಬೀಗರು ತಪ್ಪದೆ ಬಂದು ಬಾಗಿಲು ತೆರೆಸಿಕೊಡಬೇಕಾಗಿ ವಿನಂತಿ. ತಮ್ಮ ಕೀಲಿಕೈಯೇ ನಮಗೆ ಉಡುಗೊರೆ." ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಮದುವೆಗೆ ಕರೆಯುವ ಹಾಗೇ, ಸಂಬಂಧಪಟ್ಟ ಕಚೇರಿಯ ಮೇಜು ಮೇಜಿಗೂ ಹೋಗಿ ಕರೆದು ಬಂದೆವು.

ಮೂರು ಮನವಿ ಪತ್ರಗಳನ್ನು ಓದದವರು ಆ ಕಾರ್ಡನ್ನು ಓದಿದರು. ಓದಿ ಒಬ್ಬರಿಗೊಬ್ಬರು ತೋರಿಸಿದರು. ಇಲ್ಲಿಯವರೆಗೆ ನಮ್ಮ ಗುಂಪು ಇಂಥ ಏಳೆಂಟು ಕೆಲಸ ಮಾಡಿದೆ. ಕೆಲವು ಫಲ ಕೊಟ್ಟವು, ಒಂದು ನಮಗೇ ತಿರುಗುಬಾಣವಾಯಿತು. ನಿಮ್ಮೂರಲ್ಲೂ ಇಂಥದ್ದೊಂದು ಬೀಗ ಇದ್ದೇ ಇರುತ್ತದೆ. ಅದಕ್ಕಾಗಿ ಈ ಬರಹ.

ಮೊದಲ ಕೆಲಸ: ಒಂದೇ ಬೇಡಿಕೆ, ಒಂದೇ ಮೇಜು

"ವ್ಯವಸ್ಥೆ ಸರಿಯಿಲ್ಲ" ಅನ್ನುವುದಕ್ಕೆ ತಮಾಷೆ ಹುಟ್ಟುವುದಿಲ್ಲ. "ಈ ಬಾಗಿಲು ತೆರೆಯಿರಿ" ಅಂದರೆ ಹುಟ್ಟುತ್ತದೆ. ಬೇಡಿಕೆ ಎಷ್ಟು ಚಿಕ್ಕದಾಗಿರಬೇಕೆಂದರೆ, ಈಡೇರಿತೋ ಇಲ್ಲವೋ ಅನ್ನುವುದು ದಾರಿಹೋಕರಿಗೂ ಕಣ್ಣಿಗೆ ಬೀಳಬೇಕು. ಗುಂಡಿ ಮುಚ್ಚಿತಾ? ಬಸ್ಸು ಬಂತಾ? ದೀಪ ಹತ್ತಿತಾ?

ಆಮೇಲೆ ಆ ಕೆಲಸ ಯಾರ ಮೇಜಿನದು ಅಂತ ಹುಡುಕಿ. ರಸ್ತೆ ಪುರಸಭೆಯದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ? ಬೆಂಗಳೂರಿನಲ್ಲಂತೂ ಈಗ ಬಿಬಿಎಂಪಿಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿದೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿತು ಅನ್ನುವುದನ್ನು ತಿಳಿಯದೆ ಪೋಸ್ಟರ್ ಮಾಡಿದರೆ, "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅನ್ನುವ ಒಂದೇ ಸಾಲಿನಲ್ಲಿ ನಿಮ್ಮ ನಗೆಯೆಲ್ಲ ಮುಗಿದುಹೋಗುತ್ತದೆ.

ತಮಾಷೆಗೆ ಮುಂಚೆ ಕಾಗದ

ನಗಿಸುವವರ ಮೇಲೆ ಮೊದಲು ಬರುವ ಆರೋಪ "ಸುಳ್ಳು ಹಬ್ಬಿಸುತ್ತಿದ್ದಾರೆ" ಅನ್ನುವುದು. ಅದಕ್ಕೆ ಕೈಯಲ್ಲಿ ಕಾಗದ ಇರಬೇಕು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ನನ್ನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಲು ಬರುವವರು ಈ ಎರಡರಲ್ಲೇ ಎಡವುತ್ತಾರೆ. ಮನೆಯ ಕಥೆ, ಊರಿನ ಕಥೆ ಎಲ್ಲ ಬರೆಸುತ್ತಾರೆ, ಅರ್ಜಿ ವಾಪಸ್ ಬರುತ್ತದೆ. ಕೇಳಬೇಕಾದ್ದು ಇಷ್ಟು: ಕಾಮಗಾರಿಯ ಅಂದಾಜು ಮೊತ್ತ ಎಷ್ಟು, ಬಿಲ್ ಯಾವ ದಿನಾಂಕಕ್ಕೆ ಪಾವತಿಯಾಗಿದೆ, ನಿರ್ವಹಣೆ ಯಾರ ಹೊಣೆ, ಎಷ್ಟು ವರ್ಷಕ್ಕೆ. ಯಾವ ಮನವಿ ಕೊಟ್ಟರೂ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂದರೆ ಅದನ್ನೂ ಜೋಪಾನ ಮಾಡಿ. ಎಷ್ಟೋ ಸಲ ಅತ್ಯುತ್ತಮ ತಮಾಷೆ ಆ ಹಿಂಬರಹದಲ್ಲೇ ಇರುತ್ತದೆ. ನಮ್ಮ ಮೂರನೆಯ ಮನವಿಗೆ ಬಂದ ಉತ್ತರದಲ್ಲಿ "ಶೌಚಾಲಯವು ಸುಸ್ಥಿತಿಯಲ್ಲಿದ್ದು" ಅಂತ ಬರೆದಿತ್ತು. ಅದನ್ನು ಹಾಗೇ ದೊಡ್ಡದು ಮಾಡಿ ಪ್ರಿಂಟ್ ತೆಗೆದು, ಬೀಗದ ಪಕ್ಕ ಹಿಡಿದು ನಿಂತೆವು. ಒಂದಕ್ಷರವೂ ನಮ್ಮದಲ್ಲ.

ಇಕ್ಕಟ್ಟನ್ನು ಕಟ್ಟುವುದು

ಇದು ಈ ಕೆಲಸದ ಜೀವಾಳ. ನಿಮ್ಮ ನಗೆ ಎದುರಿಗಿನವರನ್ನು ಎರಡು ದಾರಿ ಕೂಡುವಲ್ಲಿ ನಿಲ್ಲಿಸಬೇಕು. ಯಾವ ಕಡೆ ಹೋದರೂ ನಿಮ್ಮ ವಿಷಯಕ್ಕೇ ಲಾಭವಾಗಬೇಕು.

ಸರ್ಬಿಯಾದಲ್ಲಿ ಒಟ್ಪೋರ್ ಎಂಬ ಯುವಜನರ ಸಂಘಟನೆ ಇತ್ತು. ಬೆಲ್‌ಗ್ರೇಡಿನ ಅಂಗಡಿ ಬೀದಿಯಲ್ಲಿ ಅವರು ಒಂದು ಖಾಲಿ ಪೀಪಾಯಿಗೆ ಅಧ್ಯಕ್ಷ ಸ್ಲೊಬೊಡಾನ್ ಮಿಲೊಶೆವಿಚ್‌ನ ಮುಖದ ಚಿತ್ರ ಅಂಟಿಸಿ, ಪಕ್ಕದಲ್ಲೊಂದು ದೊಣ್ಣೆ ಇಟ್ಟರು. ಒಂದು ದಿನಾರ್ ಹಾಕಿ ಒಂದೇಟು ಹೊಡೆಯಿರಿ ಅಂತ ಬರೆದಿಟ್ಟು ದೂರ ಹೋಗಿ ಕೂತರು. ಸಂಸಾರ ಸಮೇತ ಪೇಟೆಗೆ ಬಂದವರು ಸಾಲು ನಿಂತು ಹೊಡೆದರು. ಪೊಲೀಸರು ಬಂದರೆ ಹಿಡಿಯಲು ಯಾರೂ ಇಲ್ಲ. ಹೊಡೆದವರೆಲ್ಲ ಸಾಮಾನ್ಯ ಜನ, ಮಕ್ಕಳನ್ನು ಎತ್ತಿಕೊಂಡವರು. ಸುಮ್ಮನೆ ಬಿಟ್ಟರೆ ಢಣಢಣ ಸದ್ದು ನಿಲ್ಲದು. ಕೊನೆಗೆ ಪೊಲೀಸರು ಪೀಪಾಯಿಯನ್ನೇ ಹೊತ್ತೊಯ್ದರು. ಪೀಪಾಯಿ ಬಂಧನವಾದ ಚಿತ್ರ ಊರೆಲ್ಲ ಹರಡಿತು. ಮಿಲೊಶೆವಿಚ್ ಆಳ್ವಿಕೆ 2000ದ ಅಕ್ಟೋಬರ್‌ನಲ್ಲಿ ಮುಗಿಯಿತು. ಪೀಪಾಯಿಯಿಂದ ಮುಗಿಯಿತು ಅಂತ ನಾನು ಹೇಳುವುದಿಲ್ಲ. ಚುನಾವಣೆ, ಮುಷ್ಕರ, ಲಕ್ಷಾಂತರ ಜನ ಬೀದಿಗಿಳಿದದ್ದು ಎಲ್ಲ ಅದರಲ್ಲಿವೆ. ಆದರೆ ಪೊಲೀಸರನ್ನು ಕಂಡರೆ ನಡುಗುತ್ತಿದ್ದ ಊರಿನಲ್ಲಿ ಮೊದಲು ಕರಗಬೇಕಾಗಿದ್ದು ಭಯ. ನಕ್ಕ ಜನ ಮತ್ತೆ ಅಷ್ಟೇ ಹೆದರಲಾರರು.

ನಗೆಯಿಲ್ಲದೆಯೂ ಇದೇ ಲೆಕ್ಕ ಕೆಲಸ ಮಾಡುತ್ತದೆ. 1930ರಲ್ಲಿ ಗಾಂಧೀಜಿ ಉಪ್ಪನ್ನೇ ಆರಿಸಿಕೊಂಡದ್ದು ನೋಡಿ. ಹಿಡಿ ಉಪ್ಪಿಗೆ ಜೈಲಿಗೆ ಹಾಕಿದರೆ ಸರ್ಕಾರ ಸಣ್ಣದಾಗುತ್ತದೆ, ಬಿಟ್ಟರೆ ಕಾನೂನು ಸಾಯುತ್ತದೆ. ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿದವರು ಆಳುವವರನ್ನು ನಿಲ್ಲಿಸಿದ್ದು ಇಂಥದೇ ಇಕ್ಕಟ್ಟಿನಲ್ಲಿ.

ಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಮೊಸಳೆ ನಿಮಗೆ ನೆನಪಿರಬಹುದು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿಗೆ ಬಣ್ಣ ಬಳಿದು, ಫೈಬರ್ ಮೊಸಳೆಯೊಂದನ್ನು ಇಳಿಬಿಟ್ಟರು. ಪಾಲಿಕೆಯವರು ಏನು ಮಾಡಬಹುದಿತ್ತು? ಮೊಸಳೆ ಎತ್ತಿಕೊಂಡು ಹೋಗಿ ಗುಂಡಿ ಹಾಗೇ ಬಿಟ್ಟರೆ ಮರುದಿನ ಪೇಪರಿನಲ್ಲಿ ಅದೇ ದೊಡ್ಡ ಸುದ್ದಿ. ಗುಂಡಿ ಮುಚ್ಚುವುದೇ ಸುಲಭವಾಗಿತ್ತು, ಮುಚ್ಚಿದರು. ಗಮನಿಸಿ, ಅಲ್ಲಿ ಬೈಗುಳವಿಲ್ಲ, ಯಾರ ಹೆಸರೂ ಇಲ್ಲ, ಘೋಷಣೆಯೂ ಇಲ್ಲ.

ನಿಮ್ಮ ಉಪಾಯ ಹೊಳೆದಾಗ ಒಂದು ಹಾಳೆ ತೆಗೆದು ಎರಡು ಸಾಲು ಬರೆಯಿರಿ. ಅವರು ಪ್ರತಿಕ್ರಿಯಿಸಿದರೆ ಏನಾಗುತ್ತದೆ? ಸುಮ್ಮನಿದ್ದರೆ ಏನಾಗುತ್ತದೆ? ಎರಡರಲ್ಲಿ ಒಂದಕ್ಕಾದರೂ "ನಮಗೇ ನಷ್ಟ" ಅನ್ನುವ ಉತ್ತರ ಬಂದರೆ ಉಪಾಯವನ್ನು ಬದಲಾಯಿಸಿ. ಬೀಗರ ಊಟಕ್ಕೆ ಅಧಿಕಾರಿ ಬಂದಿದ್ದರೆ ಕೀಲಿಕೈ ತರಬೇಕಿತ್ತು. ಬರದಿದ್ದರೆ ಅವರ ಹೆಸರಿನ ಖಾಲಿ ಎಲೆ ಬೀಗದ ಮುಂದೆ ಇರುತ್ತಿತ್ತು. ಎರಡಕ್ಕೂ ನಾವು ತಯಾರಿದ್ದೆವು.

ನಗು ನಮ್ಮ ಮಾತಿನೊಳಗೇ ಇದೆ

ಇಂಗ್ಲಿಷ್ ಮೀಮ್ ತಂದು ಅದರ ಮೇಲೆ ಕನ್ನಡ ಬರೆದರೆ ಬೆಂಗಳೂರಿನ ನಾಲ್ಕು ಹುಡುಗರು ನಗಬಹುದು. ಸಂತೆಗೆ ಬಂದ ಹೆಣ್ಣುಮಗಳು ನಗುವುದಿಲ್ಲ. ನಮ್ಮ ಜನಕ್ಕೆ ಕಣ್ಣುಮುಚ್ಚಿ ಗೊತ್ತಿರುವ ಎಷ್ಟೊಂದು ಅಚ್ಚುಗಳಿವೆ: ಲಗ್ನಪತ್ರಿಕೆ, ಜಾತಕ, ನಾಮಕರಣದ ಕರೆಯೋಲೆ, ಹುಟ್ಟುಹಬ್ಬದ ಬ್ಯಾನರು, ಹರಾಜಿನ ಕೂಗು, ಬಯಲಾಟದ ಕರಪತ್ರ, ಕ್ರಿಕೆಟ್ ಸ್ಕೋರು, ಪಂಚಾಂಗ. ಅಚ್ಚು ಪರಿಚಿತವಾಗಿದ್ದರೆ ಜನ ಅರ್ಥ ಮಾಡಿಕೊಳ್ಳಲು ಹೆಣಗಬೇಕಿಲ್ಲ. ಒಳಗಿನ ಮಾತು ಬೇರೆ ಅಂತ ಗೊತ್ತಾಗುವ ಕ್ಷಣಕ್ಕೇ ನಗು ಬರುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಬಂದ 'ಪೇಸಿಎಂ' ಪೋಸ್ಟರ್ ನಡೆದದ್ದು ಹೀಗೇ. ಎಳನೀರು ಗಾಡಿಯಿಂದ ಚಿನ್ನದಂಗಡಿವರೆಗೆ ಎಲ್ಲೆಲ್ಲೂ ಅಂಟಿರುವ ಕ್ಯೂಆರ್ ಕೋಡಿನ ಅಚ್ಚು, ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ. ಸ್ಕ್ಯಾನ್ ಮಾಡಿದರೆ ಸರ್ಕಾರಿ ಕಾಮಗಾರಿಗಳಲ್ಲಿ ಶೇ 40 ಕಮಿಷನ್ ಆರೋಪದ ಜಾಲತಾಣ. ಅದನ್ನು ಮಾಡಿದ್ದು ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್, ಹಣಬಲ ಇದ್ದ ಪಕ್ಷ. ನಾವು ಕಲಿಯಬೇಕಾದ್ದು ಅದರ ಅಚ್ಚಿನ ಆಯ್ಕೆಯನ್ನು. ಅದರ ಹಿಂದೆ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರವಿತ್ತು ಅನ್ನುವುದನ್ನೂ ಮರೆಯಬೇಡಿ. ಕಾಗದ ಮೊದಲು, ತಮಾಷೆ ಆಮೇಲೆ.

ಇನ್ನೊಂದು, ನಮ್ಮ ಭಾಷೆಯ ಎರಡು ಪುಟ್ಟ ಪದಗಳು: ಬೇಕು, ಬೇಡ. "ಬೇಕೇ ಬೇಕು, ನ್ಯಾಯ ಬೇಕು" ಅಂತ ಕೂಗದ ಧರಣಿಯೇ ಕರ್ನಾಟಕದಲ್ಲಿಲ್ಲ. 2016ರಲ್ಲಿ ಬೆಂಗಳೂರಿನ ನಾಗರಿಕರು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿದಾಗ ಹ್ಯಾಶ್‌ಟ್ಯಾಗು 'ಸ್ಟೀಲ್ ಫ್ಲೈಓವರ್ ಬೇಡ' ಅಂತಾಯಿತು. ಉಪನಗರ ರೈಲು ಕೇಳಿದಾಗ 'ಚುಕುಬುಕು ಬೇಕು'. ಮರುವರ್ಷ ಮೆಟ್ರೊ ಫಲಕಗಳ ವಿಷಯದಲ್ಲಿ 'ನಮ್ಮ ಮೆಟ್ರೊ ಹಿಂದಿ ಬೇಡ'. ಕನ್ನಡ ಬಾರದವರೂ ಈ ಎರಡು ಪದ ಕಲಿತರು. ನಿಮ್ಮ ಘೋಷಣೆಯನ್ನು ಜೋರಾಗಿ ಕೂಗಿ ನೋಡಿ. ಮೂರನೇ ಸಲಕ್ಕೆ ನಾಲಿಗೆ ತೊಡರಿದರೆ ಅದು ಬೀದಿಗೆ ಆಗಿಬರುವುದಿಲ್ಲ.

ಯಕ್ಷಗಾನದಲ್ಲಿ ರಾಜನಿಗೆ ಮಾತಿನಲ್ಲಿ ಚುಚ್ಚುವ ಸಲುಗೆ ಹಾಸ್ಯಗಾರನಿಗೆ ಇದೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘವಂತೂ ಸರ್ಕಾರವನ್ನು ನೋಡಿ ಗಹಗಹಿಸಿ ನಗುವ ಚಳವಳಿಯನ್ನೇ ಮಾಡಿತ್ತು. ಹಸಿರು ಶಾಲಿನವರೆಲ್ಲ ಒಟ್ಟಿಗೆ ನಿಂತು ನಗುತ್ತಿದ್ದರೆ ಲಾಠಿ ಎತ್ತುವವನ ಕೈ ಏನಾಗಬೇಕು, ಯೋಚಿಸಿ. ಈ ಸಲುಗೆ ನಮಗೆ ಹೊರಗಿನಿಂದ ಬಂದದ್ದಲ್ಲ.

ಯಾರನ್ನು ನೋಡಿ ನಗುತ್ತೇವೆ

ತಿರುಗುಬಾಣವಾಯಿತು ಅಂದೆನಲ್ಲ, ಅದು ಇಲ್ಲಿ. ಬೀಗರ ಊಟಕ್ಕೆ ಮುಂಚೆ ನಮ್ಮ ಹುಡುಗರು ಒಂದು ರೀಲ್ ಮಾಡಿದರು. ಅದರಲ್ಲಿ ಶೌಚಾಲಯದ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಹೆಂಗಸನ್ನು ಅಣಕಿಸಿದ್ದರು, ನಿದ್ದೆ ಹೊಡೆಯುವವಳು, ಕೈಚಾಚುವವಳು ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಆಕೆ ಅಂಗಡಿಗೆ ಬಂದು ನಿಂತಳು. ಗುತ್ತಿಗೆದಾರ ನಾಲ್ಕು ತಿಂಗಳಿನಿಂದ ಅವಳಿಗೆ ಸಂಬಳ ಕೊಟ್ಟಿರಲಿಲ್ಲ. ಬಾಗಿಲು ತೆರೆದಿದ್ದಾಗಲೂ ನೀರು ಬರುತ್ತಿರಲಿಲ್ಲ, ಅವಳೇ ಬಿಂದಿಗೆಯಲ್ಲಿ ಹೊತ್ತು ತಂದು ಸುರಿಯುತ್ತಿದ್ದಳು. "ನನ್ನ ಮಗಳು ನೋಡಿದ್ಲಕ್ಕ" ಅಂದಳು, ಅಷ್ಟೇ. ರೀಲ್ ಅಳಿಸಿದೆವು, ಅವಳ ಮನೆಗೆ ಹೋಗಿ ತಪ್ಪಾಯಿತು ಅಂದೆವು. ಆದರೂ ಯಾರ್‍ಯಾರದೋ ಫೋನಿನಲ್ಲಿ ಅದು ಇನ್ನೂ ಇರಬಹುದು.

ಅಂದಿನಿಂದ ನಮ್ಮಲ್ಲೊಂದು ಕಟ್ಟುಪಾಡಿದೆ. ಸರಿಪಡಿಸುವ ಅಧಿಕಾರ ಇರುವವರ ಕೆಲಸವನ್ನು ನೋಡಿ ನಗಬೇಕು. ಅವರ ಜಾತಿ, ಮೈಬಣ್ಣ, ಮೈಕಟ್ಟು, ತೊದಲು, ಹೆಂಡತಿ ಮಕ್ಕಳು ಯಾವುದೂ ಬೇಡ. ಕೆಳಗಿನ ನೌಕರರು, ಪೌರಕಾರ್ಮಿಕರು, ಬಂದೋಬಸ್ತಿಗೆ ಬಂದ ಪೇದೆ ಇವರಂತೂ ಬೇಡವೇ ಬೇಡ. ದೇವರ ಹೆಸರೂ ಬೇಡ. ಕಾರ್ಡಿನ ತಲೆಗೆ 'ಶ್ರೀ ಬೀಗೇಶ್ವರ ಪ್ರಸನ್ನ' ಅಂತ ಹಾಕೋಣ ಅಂದ ಹುಡುಗನಿಗೆ ಈ ಕಾರಣಕ್ಕೇ ಬೇಡವೆಂದೆ. ಒಬ್ಬರ ಭಾವನೆಗೆ ಪೆಟ್ಟಾದರೂ ಊರಿನ ಮಾತು ಶೌಚಾಲಯ ಬಿಟ್ಟು ದೇವರ ಕಡೆ ಹೊರಳುತ್ತದೆ, ಬೀಗ ಹಾಕಿದವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಬದುಕಿರುವವರಿಗೆ ಶ್ರದ್ಧಾಂಜಲಿ ಬ್ಯಾನರು ಮಾಡುವುದನ್ನೂ ನಾನು ಒಪ್ಪುವುದಿಲ್ಲ. ರಸ್ತೆಗೆ ಮಾಡಿ, ಮನುಷ್ಯರಿಗೆ ಬೇಡ.

ಬಿಡುಗಡೆ ಮಾಡುವ ಮುಂಚೆ, ನಿಮ್ಮ ಗುಂಪಿನ ಹೊರಗಿನ ಇಬ್ಬರಿಗೆ ತೋರಿಸಿ. ಒಬ್ಬರು ಐವತ್ತು ದಾಟಿದ ಹೆಂಗಸಾಗಿರಲಿ.

ಕಾನೂನು, ಚುಟುಕಾಗಿ

ಮಾತಿನ ಸ್ವಾತಂತ್ರ್ಯ, ಶಾಂತಿಯಿಂದ ಸೇರುವ ಸ್ವಾತಂತ್ರ್ಯ ಎರಡೂ ಸಂವಿಧಾನದ 19ನೇ ವಿಧಿಯಲ್ಲಿವೆ, ಮಿತಿಗಳೂ ಅಲ್ಲೇ ಇವೆ. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಧರಣಿ, ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲೇ ನಡೆಯಬೇಕು. ಉಳಿದ ಊರುಗಳಲ್ಲಿ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ ಸೀಲು ಹಾಕಿಸಿಕೊಳ್ಳಿ. ಮೈಕಿಗೆ ಬೇರೆ ಅನುಮತಿ ಬೇಕು. ಗುಂಪು ಸೇರದಂತೆ ತಡೆಯುವ ಹಳೆಯ 144ನೇ ಸೆಕ್ಷನ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ, ಅದು ಜಾರಿಯಲ್ಲಿದೆಯಾ ಅಂತ ಹಿಂದಿನ ದಿನ ವಿಚಾರಿಸಿ.

ಸಾರ್ವಜನಿಕ ಗೋಡೆಗೆ ಪೋಸ್ಟರ್ ಅಂಟಿಸಿದರೆ ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ರಾಜ್ಯ ಕಾಯ್ದೆ ಅಡ್ಡ ಬರುತ್ತದೆ. ಪೇಸಿಎಂ ಪ್ರಕರಣದಲ್ಲಿ ಹುಡುಗರ ಮೇಲೆ ಬಿದ್ದದ್ದು ಅದೇ. ಪಕ್ಷದ ಹುಡುಗರಿಗಾದರೆ ವಕೀಲರನ್ನು ಪಕ್ಷ ಕೊಡುತ್ತದೆ, ನಿಮ್ಮ ಊರಿನ ಡಿಗ್ರಿ ಓದುವ ಹುಡುಗನಿಗೆ ಯಾರು ಕೊಡುತ್ತಾರೆ? ಆದ್ದರಿಂದ ಗೋಡೆ ಬಿಡಿ, ಕೈಯಲ್ಲಿ ಹಿಡಿಯಿರಿ. ಮಾನಹಾನಿ ಈಗ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಪುರಾವೆ ಇಲ್ಲದೆ "ಕಳ್ಳ", "ಲಂಚಕೋರ" ಅನ್ನುವ ಪದ ಯಾರ ಹೆಸರಿನ ಪಕ್ಕದಲ್ಲೂ ಇಡಬೇಡಿ. ಆನ್‌ಲೈನ್ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಹೆಸರಲ್ಲಿ ಯಾರಾದರೂ ಹೆದರಿಸಿದರೆ, ಅದನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದೆ ಅಂತ ಹೇಳಿ. ಊರಿನ ಒಬ್ಬ ವಕೀಲರ ನಂಬರನ್ನು ಎಲ್ಲರೂ ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬನ್ನಿ. ಫೋನು ಕೈತಪ್ಪಬಹುದು.

ಆ ದಿನ

ಗುರುವಾರ ನಮ್ಮೂರ ಸಂತೆ. ಜನರನ್ನು ಕರೆಯುವ ಕೆಲಸವಿಲ್ಲ, ಅವರೇ ಬಂದಿರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಬೀಗದ ಮುಂದೆ ಎಲೆ ಹಾಕಿದೆವು. ನಮ್ಮ ಕಡೆ ಬೀಗರ ಊಟ ಅಂದರೆ ಬಾಡೂಟ, ಆದರೆ ನಮ್ಮ ಕೈಲಾದದ್ದು ಪುರಿ, ಕಡಲೆ, ಒಂದು ಡ್ರಮ್ ಮಜ್ಜಿಗೆ. ಹೂವಿನ ಅಜ್ಜಿ ತಾನಾಗಿಯೇ ಬಂದು ಬೀಗಕ್ಕೆ ಒಂದು ಮೊಳ ಕನಕಾಂಬರ ಸುತ್ತಿ ಹೋಯಿತು. ಜನ ನಗುತ್ತಾ ಸುತ್ತ ಸೇರಿದರು.

ಸಂತೆಚೀಲ ಹಿಡಿದ ನಡುವಯಸ್ಸಿನ ಹೆಂಗಸೊಬ್ಬಳಿಗೆ ನಾನು ಮಜ್ಜಿಗೆ ಲೋಟ ಚಾಚಿದೆ. ಬಿಸಿಲಿಗೆ ಮುಖ ಬೆವೆತಿತ್ತು. ಕೈ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. "ಬ್ಯಾಡ ಕಣವ್ವ. ಬೆಳಗ್ಗಿಂದ ಒಂದು ತೊಟ್ಟು ನೀರು ಕುಡ್ದಿಲ್ಲ. ಊರು ಮುಟ್ಟೋಕೆ ಇನ್ನೂ ಎರಡು ಗಂಟೆ, ನಡುವೆ ಎಲ್ಲಿಗೆ ಹೋಗ್ಲಿ?" ಸುತ್ತ ನಗುತ್ತಿದ್ದವರು ತಟ್ಟನೆ ಸುಮ್ಮನಾದರು. ಹನ್ನೊಂದು ತಿಂಗಳು ನಾವು ಮನವಿಯಲ್ಲಿ ಬರೆಯಲಾಗದ್ದನ್ನು ಅವಳು ಮೂರು ಸಾಲಿನಲ್ಲಿ ಹೇಳಿದ್ದಳು.

ಅವಳ ಮಾತು ಫೋನಿನಲ್ಲಿ ದಾಖಲಾದದ್ದು ಅದೃಷ್ಟದಿಂದಲ್ಲ. ಇಬ್ಬರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಿರಲಿಲ್ಲ. ಒಬ್ಬ ದೂರದಿಂದ ಇಡೀ ದೃಶ್ಯ ಹಿಡಿಯುತ್ತಿದ್ದ, ಇನ್ನೊಬ್ಬಳು ಹತ್ತಿರದಿಂದ ಮಾತುಗಳನ್ನು. ಫೋನುಗಳು ರಾತ್ರಿಯೇ ಚಾರ್ಜ್ ಆಗಿದ್ದವು, ಖಾಲಿ ಜಾಗ ಮಾಡಿಟ್ಟಿದ್ದೆವು. ಆ ಹೆಂಗಸನ್ನು ಆಮೇಲೆ ಕೇಳಿದೆವು. ಮುಖ ಬೇಡ, ಮಾತು ಹಾಕಿ ಅಂದಳು. ಲೋಟ, ಬೆವೆತ ಕೈ, ಹಿಂದೆ ಬೀಗ, ಇಷ್ಟನ್ನೇ ಹಾಕಿದೆವು. ಮಕ್ಕಳ ಮುಖವನ್ನಂತೂ ಎಂದೂ ಹಾಕಬೇಡಿ.

ನೀವೂ ಹೀಗೆ ಮಾಡುವಾಗ ಗಂಟೆಗಟ್ಟಲೆ ಎಳೆಯಬೇಡಿ. ನಲವತ್ತು ನಿಮಿಷ ಸಾಕು. ಎಲೆ, ಲೋಟ, ಕಸ ಎಲ್ಲ ಎತ್ತಿ, ನೆಲ ಗುಡಿಸಿ ಹೊರಡಿ.

ಪತ್ರಿಕೆಯವರಿಗೆ

ತಾಲ್ಲೂಕು ಮಟ್ಟದ ವರದಿಗಾರರು ಬಹಳಷ್ಟು ಮಂದಿ ಅರೆಕಾಲಿಕರು, ಬೇರೆ ದುಡಿಮೆಯೂ ಇರುವವರು. ಅವರ ಕೆಲಸ ಹಗುರ ಮಾಡಿ. ಹಿಂದಿನ ದಿನ ಎರಡು ಸಾಲಿನ ಸಂದೇಶ ಸಾಕು: ಎಲ್ಲಿ, ಎಷ್ಟು ಗಂಟೆಗೆ, ನೋಡಲು ಏನಿರುತ್ತದೆ. ಮುಗಿದ ಕೂಡಲೇ, ಮಧ್ಯಾಹ್ನದೊಳಗೆ, ಒಂದು ಪುಟದ ಟಿಪ್ಪಣಿ ಕಳಿಸಿ. ಮೊದಲ ಪ್ಯಾರಾದಲ್ಲೇ ಬೇಡಿಕೆ ಇರಲಿ, ಇಲ್ಲದಿದ್ದರೆ ಮರುದಿನ "ಬೀಗಕ್ಕೆ ಬೀಗರೂಟ, ಮಜವೋ ಮಜಾ" ಅಂತ ಬರುತ್ತದೆಯೇ ಹೊರತು ಶೌಚಾಲಯದ ಸುದ್ದಿ ಬರುವುದಿಲ್ಲ. ಟಿಪ್ಪಣಿಯನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಕಳಿಸಿದರೆ ಅವರ ಫೋನಿನಲ್ಲಿ ಚಿತ್ತಾರ ಕಾಣುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಮಾಮೂಲಿಯಾಗಿ ಕಳಿಸಿದರೆ ಗುಣಮಟ್ಟ ಕುಗ್ಗಿ ಅಚ್ಚಿಗೆ ಬಾರದು. ಅಧಿಕಾರಿಯ ಪ್ರತಿಕ್ರಿಯೆಯನ್ನೂ ಕೇಳಿ ಅಂತ ವರದಿಗಾರರಿಗೆ ನೀವೇ ಹೇಳಿ. ಪತ್ರಿಕೆಯಲ್ಲಿ ಕೊಟ್ಟ ಮಾತು ಅವರಿಗೂ ಗಂಟಾಗುತ್ತದೆ.

ಫೋನಿನೊಳಗೆ

2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಬೇಕಿದ್ದ ವಾರ, ಅದೇ ಬಾದಲ್ ನಂಜುಂಡಸ್ವಾಮಿ ಒಂದು ವಿಡಿಯೊ ಹಾಕಿದರು. ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಿಧಾನಕ್ಕೆ ಹೆಜ್ಜೆ ಇಡುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲೇ ಒಂದು ಆಟೊ ಹಾದುಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆ. ವಿಡಿಯೊ ದೇಶ ದಾಟಿ ಹೋಯಿತು, ರಸ್ತೆಗೆ ದುರಸ್ತಿಯವರು ಕೂಡಲೇ ಬಂದರು. ಆ ವಾರ ಎಲ್ಲರ ತಲೆಯಲ್ಲೂ ಚಂದ್ರನೇ ಇದ್ದ. ಅವರು ತಮ್ಮ ವಿಷಯವನ್ನು ಅದರ ಬೆನ್ನಿಗೆ ಕಟ್ಟಿದರು. ಇನ್ನೊಂದು, ಆಟೊ ಬರುವವರೆಗೆ ಯಾರೂ ಏನನ್ನೂ ವಿವರಿಸುವುದಿಲ್ಲ.

ನಮ್ಮ ಅಳತೆಗೆ ಇಳಿಸಿ ಹೇಳುವುದಾದರೆ, ವಿಡಿಯೊವನ್ನು ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ, ಮುಕ್ಕಾಲು ನಿಮಿಷ ಮೀರಬಾರದು. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗೆ ಕನ್ನಡದಲ್ಲಿ ಅಡಿಬರಹ ಇರಲಿ. ಊರು, ದಿನಾಂಕ, ಬೇಡಿಕೆ ಮೂರನ್ನೂ ಚಿತ್ರದ ಮೇಲೇ ಬರೆಯಿರಿ. ಬರೆಯದಿದ್ದರೆ ಎರಡು ವರ್ಷದ ನಂತರ ಯಾರೋ ಅದನ್ನು ಬೇರೆ ರಾಜ್ಯದ್ದೆಂದು ಹಬ್ಬಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಆಗುತ್ತದೆ, ಬಹಳ ಸಲ ಫಾರ್ವರ್ಡ್ ಆದದ್ದಾದರೆ ಒಮ್ಮೆಗೆ ಒಂದೇ ಕಡೆಗೆ. ಆದ್ದರಿಂದ ಫಾರ್ವರ್ಡಿಗೆ ಕಾಯಬೇಡಿ. ಸಂಘದ ಇಪ್ಪತ್ತು ಜನರಿಗೆ ಮೂಲ ಕಡತ ಕೊಟ್ಟು, ತಮ್ಮ ಮಾತಿನಲ್ಲಿ ಒಂದು ಸಾಲು ಬರೆದು ಸ್ಟೇಟಸ್ ಹಾಕಲು ಹೇಳಿ. ಸೀನಣ್ಣನ ಸ್ಟೇಟಸ್ಸಿಗೆ ಸೀನಣ್ಣನ ನೆಂಟರು ಉತ್ತರ ಕೊಡುತ್ತಾರೆ, ಸಂಘದ ಪೇಜಿಗೆ ಕೊಡುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಅಧಿಕಾರಿಯ ದನಿಯನ್ನೋ ಮಂತ್ರಿಯ ಮುಖವನ್ನೋ ಅನುಕರಿಸಿ, ಹೇಳದ ಮಾತನ್ನು ಅವರ ಬಾಯಿಗೆ ಹಾಕಬೇಡಿ. ಅದು ನಗೆಯಲ್ಲ, ಸುಳ್ಳು. ಸಿಕ್ಕಿಬಿದ್ದ ದಿನ ನಿಮ್ಮ ನಿಜವಾದ ವಿಡಿಯೊವನ್ನೂ ಯಾರೂ ನಂಬುವುದಿಲ್ಲ. ಚಿತ್ರ ಬರೆಸಿಕೊಂಡಿದ್ದರೆ ಹಾಗೆಂದು ಅದರ ಮೇಲೇ ಹೇಳಿ.

ಖಾತೆ ಒಬ್ಬರ ಕೈಯಲ್ಲಿ ಇರಬಾರದು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಹೆಣ್ಣುಮಕ್ಕಳ ಮೇಲೆ ಹಲ್ಲೆಯಾದ ಮೇಲೆ 'ಪಿಂಕ್ ಚಡ್ಡಿ' ಅಭಿಯಾನ ಶುರುವಾಯಿತು. ಪ್ರೇಮಿಗಳ ದಿನಕ್ಕೆ, ಹಲ್ಲೆಯ ಆರೋಪ ಹೊತ್ತಿದ್ದ ಶ್ರೀರಾಮ ಸೇನೆಯ ಹುಬ್ಬಳ್ಳಿ ವಿಳಾಸಕ್ಕೆ ಗುಲಾಬಿ ಚಡ್ಡಿಗಳ ಪಾರ್ಸೆಲ್ ಕಳಿಸಿ ಅನ್ನುವ ಕರೆ ಫೇಸ್‌ಬುಕ್ಕಿನಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಜನರನ್ನು ಸೇರಿಸಿತು. ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಪ್ರತಿಯಾಗಿ ಗುಲಾಬಿ ಸೀರೆ ಕಳಿಸುತ್ತೇವೆ ಅನ್ನಬೇಕಾಯಿತು. ಚಡ್ಡಿ ಅನ್ನುವ ಪದಕ್ಕೆ ಮುಜುಗರಪಟ್ಟ ಎಷ್ಟೋ ಹೆಂಗಸರು ಹೊರಗುಳಿದರು ಅನ್ನುವುದೂ ನಿಜ. ಕೊನೆಗೆ ಆ ಫೇಸ್‌ಬುಕ್ ಗುಂಪೇ ಹ್ಯಾಕ್ ಆಗಿ ಕೈತಪ್ಪಿತು. ಆದ್ದರಿಂದ ಇಬ್ಬರು ಅಡ್ಮಿನ್ ಇರಲಿ, ಎರಡು ಹಂತದ ಪರಿಶೀಲನೆ ಹಾಕಿ, ಮೂಲ ವಿಡಿಯೊ, ಫೋಟೊ, ಸೀಲು ಬಿದ್ದ ಪ್ರತಿಗಳೆಲ್ಲ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ಬೈಯುವವರ ಕಾಮೆಂಟಿಗೆ ಉತ್ತರ ಕೊಡುತ್ತಾ ಕೂರಬೇಡಿ. ಬೆದರಿಕೆ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ವಕೀಲರಿಗೆ ತೋರಿಸಿ. ಹೆಣ್ಣುಮಕ್ಕಳ ಖಾತೆಗಳ ಮೇಲೇ ಹೆಚ್ಚು ಕೊಳಕು ಬೀಳುತ್ತದೆ. ಅವರ ಪರ ಕಾಮೆಂಟ್ ನೋಡುವ ಕೆಲಸವನ್ನು ದಿನಕ್ಕೊಬ್ಬರಂತೆ ಸರದಿಯಲ್ಲಿ ಹಂಚಿಕೊಳ್ಳಿ.

ಹ್ಯಾಶ್‌ಟ್ಯಾಗ್ ಒಂದರಿಂದಲೇ ಉಕ್ಕಿನ ಸೇತುವೆ ನಿಂತಿರಲಿಲ್ಲ. 1,791 ಕೋಟಿ ರೂಪಾಯಿಯ ಯೋಜನೆ, 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು, ಕೋರ್ಟಿಗೂ ಹೋದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಫೋನು ಜನರನ್ನು ಆ ರಸ್ತೆಗೆ ತಂದು ನಿಲ್ಲಿಸಿತು, ಉಳಿದದ್ದನ್ನು ಅವರ ಕಾಲುಗಳು ಮಾಡಿದವು.

ನಕ್ಕ ಮೇಲೆ

ಊಟದ ನಾಲ್ಕನೇ ದಿನ ಬೀಗ ತೆಗೆದರು. ನಾವು ಸಿಹಿ ಹಂಚಿ, ಅಧಿಕಾರಿಗೆ ಎಲ್ಲರೆದುರು ವಂದನೆ ಹೇಳಿದೆವು. ಇದನ್ನು ತಪ್ಪಿಸಬೇಡಿ. ಕೆಲಸ ಮಾಡಿಕೊಟ್ಟವರ ಮುಖ ಉಳಿಸಿದರೆ ಮುಂದಿನ ಸಲ ಅವರೇ ದಾರಿ ತೋರಿಸುತ್ತಾರೆ. ಆದರೆ ಒಂದು ತಿಂಗಳಿಗೆ ನೀರಿನ ಮೋಟಾರು ಸುಟ್ಟು ಮತ್ತೆ ಬೀಗ ಬಿತ್ತು. ಎರಡನೇ ಸಲ ಅದೇ ತಮಾಷೆ ನಡೆಯುವುದಿಲ್ಲ ಅಂತ ನಮಗೆ ಗೊತ್ತಿತ್ತು. ಈ ಸಲ ಒಂದು ಕ್ಯಾಲೆಂಡರ್ ಮಾಡಿ ಅಂಗಡಿಯ ಹೊರಗೆ ತೂಗುಹಾಕಿದೆ. ಬಾಗಿಲು ತೆರೆದ ದಿನಕ್ಕೆ ಹಸಿರು, ಮುಚ್ಚಿದ ದಿನಕ್ಕೆ ಕೆಂಪು. ಬಸ್ಸಿಗೆ ಕಾಯುವ ಹುಡುಗಿಯರೇ ಬಣ್ಣ ಹಚ್ಚುತ್ತಿದ್ದರು. ಹದಿನೇಳು ಕೆಂಪು ಚೌಕಗಳಾದ ಮೇಲೆ ಆ ಹಾಳೆಯ ಫೋಟೊವನ್ನು ಮನವಿಗೆ ಲಗತ್ತಿಸಿ ಕೊಟ್ಟೆವು. ಹೊಸ ಮೋಟಾರು ಬಂತು. ಅಣಕಕ್ಕೆ ಸಿಕ್ಕಿದ್ದ ಆ ಹೆಂಗಸಿನ ಬಾಕಿ ಸಂಬಳವನ್ನೂ ಅದೇ ಮನವಿಯಲ್ಲಿ ಎರಡನೇ ಅಂಶವಾಗಿ ಬರೆದಿದ್ದೆವು. ಎರಡು ತಿಂಗಳದ್ದು ಬಂದಿದೆ, ಇನ್ನೆರಡು ಬರಬೇಕು.

ಈ ಸಲದ ಹಿಂಬರಹದಲ್ಲಿ ಬಾಗಿಲು ತೆರೆಯುವ ಸಮಯ, ಕೀಲಿಕೈ ಯಾರ ಬಳಿ ಇರುತ್ತದೆ, ಮೋಟಾರು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಮೂರನ್ನೂ ಬರೆಸಿಕೊಂಡಿದ್ದೇವೆ. ನೀವೂ ಬರೆಸಿಕೊಳ್ಳಿ. ಒಂದು ಕೀಲಿಕೈ ಈಗ ಹೂವಿನ ಅಜ್ಜಿಯ ಸೊಂಟದಲ್ಲಿದೆ. ಬೆಳಿಗ್ಗೆ ಆರೂವರೆಗೆ, ಮೊದಲ ಕಾಲೇಜು ಬಸ್ಸು ಬರುವ ಹೊತ್ತಿಗೆ, ಹೂವಿನ ಬುಟ್ಟಿ ಇಳಿಸುವ ಮುಂಚೆಯೇ ಅಜ್ಜಿ ಹೋಗಿ ಬಾಗಿಲು ತೆರೆದು ಬರುತ್ತದೆ.